ಮಕ್ಕಳ ನೋವು, ನನ್ನ ತೋಳು

ಆಸ್ಪತ್ರೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮನೆಗೆ ಬಂದು, "ತಾತ, ನಿಮ್ಮ ಕಾಲದ್ದು ಏನಾದರೂ ಹೇಳಿ" ಎಂದರೆ ನಾನು ಮೊದಲು ಅಂಗಿಯ ತೋಳು ಮಡಚುತ್ತೇನೆ. ನೋಡುವುದಕ್ಕೆ ಈಗ ಅಲ್ಲಿ ಏನೂ ಇಲ್ಲ. ಸುಕ್ಕುಗಟ್ಟಿದ ಚರ್ಮ, ಒಂದಷ್ಟು ಬಿಳಿ ಕೂದಲು. ಆದರೆ ಒಂದು ಕಾಲದಲ್ಲಿ ಕೊಳ್ಳೇಗಾಲದ ನಮ್ಮ ಆಸ್ಪತ್ರೆಗೆ ಬರುತ್ತಿದ್ದ ಕ್ಯಾನ್ಸರ್ ಮಕ್ಕಳು ತಮ್ಮ ನೋವನ್ನು ಡಾಕ್ಟರಿಗೆ ತಿಳಿಸುತ್ತಿದ್ದದ್ದು ಈ ತೋಳನ್ನು ಚಿವುಟಿ. ಕೇಳಿದವರೆಲ್ಲ ನಗುತ್ತಾರೆ. ನಾನೂ ನಗಿಸುತ್ತಲೇ ಬಂದಿದ್ದೇನೆ. ಆ ಕಥೆಯಲ್ಲಿ ನಾನು ಮಾಡಿದ ಒಂದು ಕಳ್ಳತನವಿದೆ, ಅದನ್ನು ಮಾತ್ರ ಬಿಟ್ಟು ಹೇಳುತ್ತಿದ್ದೆ. ಈ ಸಲ ಸೇರಿಸಿ ಬರೆಯುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಡ್ರೆಸ್ಸರ್ ಕೆಲಸಕ್ಕೆ ಸೇರಿದವನು. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಹುಣ್ಣಿಗೆ ಮುಲಾಮು ಹಚ್ಚುವುದು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮಂಗಳೂರು ಕಡೆಯ ಒಬ್ಬ ಡಾಕ್ಟರಮ್ಮ ನಮ್ಮಲ್ಲಿಗೆ ಬಂದರು. ಮೊದಲು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಮಕ್ಕಳನ್ನು ನೋಡುತ್ತಿದ್ದವರು. ಹಾಗಾಗಿ ನಮ್ಮ ಸೀಮೆಯಿಂದ ಅಲ್ಲಿಗೆ ಹೋದ ಮಕ್ಕಳನ್ನು ಅಲ್ಲಿನವರು ಚೀಟಿ ಬರೆದು ಇವರ ಹತ್ತಿರ ಕಳಿಸುತ್ತಿದ್ದರು. ಪ್ರತಿ ಬುಧವಾರ ಆ ಮಕ್ಕಳಿಗೆ ರಕ್ತ ಪರೀಕ್ಷೆ, ಸೂಜಿ, ಮಾತ್ರೆ. ಹೆಚ್ಚಿನವರದು ರಕ್ತದ ಕ್ಯಾನ್ಸರ್. ದೂರದ ಊರಿನವರು ವಾರ್ಡಿನಲ್ಲೇ ವಾರಗಟ್ಟಲೆ ಉಳಿಯುತ್ತಿದ್ದರು.

ಡಾಕ್ಟರಮ್ಮ ಮೊದಲ ದಿನವೇ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದರು: "ಈ ಔಷಧಿ ವಿಷದ ಹಾಗೆ. ಸ್ವಲ್ಪ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಎಲ್ಲಿ ನೋವು, ಎಷ್ಟು ನೋವು ಎಂದು ಮಗು ಹೇಳಬೇಕು. ಹೇಳದಿದ್ದರೆ ನಾನು ಕತ್ತಲೆಯಲ್ಲಿ ಸೂಜಿ ಚುಚ್ಚಿದ ಹಾಗೆ."

ಹೇಳಿದ್ದು ಸರಿಯೇ. ಆದರೆ ನಮ್ಮ ಸೀಮೆಯಲ್ಲಿ ಮಗು ಎಲ್ಲಿ ಹೇಳುತ್ತದೆ? ಡಾಕ್ಟರು ಕೇಳಿದ್ದಕ್ಕೆ ಅಪ್ಪ ಹೇಳುತ್ತಾನೆ, ಅಮ್ಮ ಹೇಳುತ್ತಾಳೆ, ಜೊತೆಗೆ ಬಂದ ಪಕ್ಕದ ಮನೆಯವನು ಹೇಳುತ್ತಾನೆ. ಮಗು ಛಾವಣಿಯ ಫ್ಯಾನು ನೋಡುತ್ತಾ ನಿಂತಿರುತ್ತದೆ. ರತ್ನ ಎಂಬ ಹುಡುಗಿ ಇದ್ದಳು, ಊರಿನೊಳಗಿನ ರೇಷ್ಮೆ ನೇಯುವವರ ಮನೆಯ ಕೂಸು. ಅವಳ ತಾತ ಮಹಾ ಮರ್ಯಾದಸ್ಥ. ಡಾಕ್ಟರ ಎದುರು ಇಲ್ಲ ಎನ್ನುವುದು ಅಗೌರವ ಎಂದು ತಿಳಿದವರು.

"ಮಗು ಊಟ ಮಾಡುತ್ತಾಳೆಯೇ?"

"ಊಂ ತಾಯಿ."

"ಊಟ ಬಿಟ್ಟಿದ್ದಾಳೆಯೇ?"

"ಊಂ ತಾಯಿ."

"ಎರಡರಲ್ಲಿ ಯಾವುದು ಅಜ್ಜ?"

ತಾತ ಬಹಳ ಯೋಚಿಸಿ ಕೈ ಮುಗಿದು, "ತಾವು ಹೇಳ್ದಂಗೆ" ಎಂದರು.

ಆ ದಿನ ಡಾಕ್ಟರಮ್ಮ ಮಧ್ಯಾಹ್ನದ ಊಟ ಮಾಡಲಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಹೂಗ್ಯಂನಿಂದ ಸಿದ್ದಮ್ಮ ಎಂಬ ಅಜ್ಜಿ ತನ್ನ ಮೊಮ್ಮಗ ಮಾದೇಶನನ್ನು ಕರೆದುಕೊಂಡು ಬಂದಿದ್ದಳು. ತಾಯಿ ತಂದೆ ಇಲ್ಲದ ಹುಡುಗ. ಕಾಡಂಚಿನಲ್ಲಿ ಆಡು ಮೇಯಿಸುತ್ತಿದ್ದವನು, ಆಡಿನ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಹೆಚ್ಚು ಮಾತಾಡಿ ಗೊತ್ತಿಲ್ಲದವನು. ಮೂಳೆಯಲ್ಲಿ ನೋವು ಎಂದು ಚೀಟಿಯಲ್ಲಿ ಬರೆದಿತ್ತು. ಎಲ್ಲಿ ಎಂದು ಡಾಕ್ಟರಮ್ಮ ಕೇಳಿದರು. ಹುಡುಗ ತನ್ನ ಮೊಣಕಾಲಿನ ಕೆಳಗೆ ಕೈ ಇಡಲು ಹೋದ. ಅಜ್ಜಿ ಆ ಕೈಗೆ ಪಟ್ಟೆಂದು ಒಂದು ಬಿಟ್ಟಳು.

"ಮೈ ಮುಟ್ಕೊಂಡು ತೋರುಸ್ಬ್ಯಾಡ ಕಣ್ಲಾ! ಅಲ್ಲೇ ನಿಂತ್ಬುಡ್ತದೆ!"

"ಹಾಗಾದರೆ ನೀವು ತೋರಿಸಿ ಅಜ್ಜಿ. ನಿಮ್ಮ ಕಾಲಿನ ಮೇಲೆ."

"ನನ್ ಕಾಲ್ ಮ್ಯಾಲಾ? ಬುಡ್ತು ಅನ್ನವ್ವ! ಮೊದ್ಲು ಬುಡ್ತು ಅನ್ನು!"

ಡಾಕ್ಟರಮ್ಮ ಗಾಬರಿಯಾಗಿ, "ಬಿಡ್ತು, ಬಿಡ್ತು" ಎಂದರು. ಒಬ್ಬರ ರೋಗವನ್ನು ಇನ್ನೊಬ್ಬರು ತಮ್ಮ ಮೈಮೇಲೆ ತೋರಿಸಬಾರದು ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ತೋರಿಸಿದರೆ ಅದು ಅಲ್ಲಿಗೇ ಬಂದು ಕೂರುತ್ತದೆ. ಈಗ ಅಜ್ಜಿ ಕೋಣೆಯಲ್ಲಿ ತೋರಿಸುವುದಕ್ಕೆ ಒಂದು ಮೈ ಹುಡುಕತೊಡಗಿದಳು. ಡಾಕ್ಟರಮ್ಮನನ್ನು ನೋಡಿದಳು, ದೇವರಂಥವರು, ಬೇಡ. ನರ್ಸಮ್ಮ ಬಸುರಿ, ಬೇಡವೇ ಬೇಡ. ಆಮೇಲೆ ಟ್ರೇ ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದ ನಾನು ಅವಳ ಕಣ್ಣಿಗೆ ಬಿದ್ದೆ.

"ಬಾಪ್ಪಾ ಇಲ್ಲಿ. ನೀನೇ ಸರಿ. ಸಂಬ್ಳ ತಕ್ಕೊಳೋ ಮೈಗೆ ಏನೂ ಅಂಟಾಕಿಲ್ಲ."

ನಾನು ಇಲ್ಲ ಎನ್ನುವಷ್ಟರಲ್ಲಿ ಮಾದೇಶ ಬಗ್ಗಿ ನನ್ನ ಪ್ಯಾಂಟು ಮೇಲೆತ್ತಿ ಕಣಕಾಲಿನ ಮೇಲೆ ಬೆರಳಿಟ್ಟ.

"ಅಲ್ಲಿಯೇ? ಎಷ್ಟು ನೋಯುತ್ತದೆ ಮಗು?" ಎಂದು ಡಾಕ್ಟರಮ್ಮ ಕೇಳಿದರು.

ಹುಡುಗ ಎರಡು ಬೆರಳಲ್ಲಿ ನನ್ನ ಚರ್ಮ ಹಿಡಿದು ಚಿವುಟಿ, ತಿರುಚಿ, ಬಿಟ್ಟ. ನನ್ನ ಕೈಯ ಟ್ರೇ ನೆಲಕ್ಕೆ ಬಿತ್ತು. ಕತ್ತರಿ, ಚಿಮಟ, ಹತ್ತಿ ಎಲ್ಲ ಚೆಲ್ಲಾಪಿಲ್ಲಿ. ನಾನು ಒಂಟಿ ಕಾಲಲ್ಲಿ ಕುಣಿಯುತ್ತಿದ್ದರೆ ಡಾಕ್ಟರಮ್ಮನ ಮುಖ ಹೊಳೆಯುತ್ತಿತ್ತು.

"ನಿನ್ನೆ ಎಷ್ಟಿತ್ತು? ಅವರ ಮೇಲೆಯೇ ತೋರಿಸು."

ಸ್ವಲ್ಪ ಮೆತ್ತಗೆ ಚಿವುಟಿದ.

"ಮೊನ್ನೆ?"

ಇನ್ನೂ ಮೆತ್ತಗೆ.

"ಅಂದರೆ ಜಾಸ್ತಿಯಾಗುತ್ತಿದೆ!" ಎಂದು ಡಾಕ್ಟರಮ್ಮ ಬರೆದುಕೊಂಡರು. "ನೋಡಿ, ಒಂದು ತಿಂಗಳಿನಿಂದ ಯಾರೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ."

ಅಂದಿನಿಂದ ನನ್ನ ಕೆಲಸ ಬದಲಾಯಿತು. ಮಕ್ಕಳು ತಮಗೆ ಎಲ್ಲಿ ನೋವೋ ನನ್ನ ಮೈಯಲ್ಲಿ ಅಲ್ಲಿ ಮುಟ್ಟುವುದು, ಎಷ್ಟು ನೋವೋ ಅಷ್ಟು ಚಿವುಟುವುದು. ಮುಟ್ಟಬಾರದ ಜಾಗವಾದರೆ ತೋಳನ್ನು ಚಿವುಟುವುದು. ತಲೆನೋವಾದರೆ ಕಿವಿ. ಡಾಕ್ಟರಮ್ಮ ನನ್ನ ಮುಖ ನೋಡಿ ನೋವಿನ ಪ್ರಮಾಣ ಬರೆದುಕೊಳ್ಳುತ್ತಿದ್ದರು. ಮಕ್ಕಳಿಗೆ ಇದು ಹಬ್ಬ. ಸೂಜಿ ಚುಚ್ಚುವವರ ಕಡೆಯ ಒಬ್ಬ ದೊಡ್ಡ ಮನುಷ್ಯನನ್ನು ಚಿವುಟಿದರೂ ಬೈಯುವವರಿಲ್ಲ! ಅಗರದ ಒಬ್ಬ ಹುಡುಗ ಉಗುರು ಬೆಳೆಸಿಕೊಂಡು ಬಂದ. ಯಳಂದೂರಿನ ಒಂದು ಪುಟಾಣಿಗೆ ಇನ್ನೂ ಚಿವುಟಲು ಬರುತ್ತಿರಲಿಲ್ಲ, ಕಚ್ಚಿತು. ಸೂಜಿಯ ಔಷಧಿಗೆ ಹೊಟ್ಟೆ ಕಟ್ಟಿಕೊಂಡಾಗ ರತ್ನ ನನ್ನ ಹೊಟ್ಟೆಗೆ ಮುಷ್ಟಿ ಒತ್ತಿ ಹಿಡಿದು, ನನ್ನ ಉಸಿರು ಸಿಕ್ಕಿಕೊಳ್ಳುವ ತನಕ ತೆಗೆಯಲಿಲ್ಲ. ಡಾಕ್ಟರಮ್ಮ ತಕ್ಷಣ ಹರಳೆಣ್ಣೆ ಬರೆದರು. ತಾತ ಪಕ್ಕದಲ್ಲಿ, "ಊಂ ತಾಯಿ, ದಿನಾ ಬಯಲ್ ಕಡೆ ಓಯ್ತಾಳೆ" ಎನ್ನುತ್ತಲೇ ಇದ್ದರು.

ನಮ್ಮ ದೊಡ್ಡ ಡಾಕ್ಟರಿಗೆ, ಅಂದರೆ ಆಸ್ಪತ್ರೆಯ ಮುಖ್ಯಸ್ಥರಿಗೆ, ಇದು ಹಿಡಿಸಲಿಲ್ಲ. ಸದಾ ಟೈ ಕಟ್ಟುವವರು. ಒಂದು ಬುಧವಾರ ಬಾಗಿಲಲ್ಲಿ ನಿಂತು ನೋಡಿ ಗುಡುಗಿದರು. "ಏನಿದು? ಇದೇನು ಆಸ್ಪತ್ರೆಯೋ ಕೋಳಿ ಪುಕ್ಕ ಕೀಳುವ ಅಂಗಡಿಯೋ? ಇವನಿಗೆ ನಾಟಕದ ಚಟ. ಅಷ್ಟು ಚಿಕ್ಕ ಮಕ್ಕಳು ಚಿವುಟಿದರೆ ಇಷ್ಟೆಲ್ಲ ಕಿರುಚಬೇಕೇ? ಎಲ್ಲಿ, ನನಗೆ ತೋರಿಸಲಿ" ಎಂದು ಅಂಗಿಯ ತೋಳು ಮೇಲೇರಿಸಿ ಮಾದೇಶನ ಮುಂದೆ ಹಿಡಿದರು.

ಮಾದೇಶ ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ ಬೇಡ ಎಂದೆ. ಅವನು ಬೇಕು ಎಂದು ತಿಳಿದ.

ದೊಡ್ಡ ಡಾಕ್ಟರು "ಅಯ್ಯಪ್ಪೋ" ಎಂದದ್ದು ಹೊರಗೆ ಚೀಟಿಗೆ ನಿಂತವರಿಗೆಲ್ಲ ಕೇಳಿಸಿತು. ಅವರು ಟೈ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, "ಪದ್ಧತಿ ಮುಂದುವರಿಯಲಿ. ಆದರೆ ಇವನ ಮೇಲೆ ಮಾತ್ರ" ಎಂದು ಅಪ್ಪಣೆ ಕೊಟ್ಟು ಹೋದರು. ಮೇಲಿನವರಿಂದ ನನಗೆ ಸಿಕ್ಕಿದ ಬಹುಮಾನ ಇದೊಂದೇ.

ಮನೆಯಲ್ಲಿ ಬೇರೆಯೇ ಗಲಾಟೆ. ತೋಳಿನ ಮೇಲೆ ನೀಲಿ ಕಲೆ, ಅದರ ಪಕ್ಕ ಹಳದಿ ಕಲೆ, ಹೊಟ್ಟೆಯ ಮೇಲೆ ಉಗುರಿನ ಗೀರು. ನನ್ನ ಹೆಂಡತಿ ಸ್ನಾನಕ್ಕೆ ನೀರು ಹಾಕುವಾಗ ನೋಡಿದಳು.

"ಯಾರ್ರೀ ಅವ್ಳು?"

"ಅವಳಲ್ಲ ಕಣೇ, ಮಕ್ಕಳು. ಆಸ್ಪತ್ರೆ ಮಕ್ಕಳು."

"ಓಓ, ಮಕ್ಳು ಬೇರೆ ಅವ್ರಾ?"

ಮಾರನೆಯ ಬುಧವಾರ ಸೆರಗು ಸಿಕ್ಕಿಸಿಕೊಂಡು ಆಸ್ಪತ್ರೆಗೇ ಬಂದಳು. ಯಳಂದೂರಿನ ಪುಟಾಣಿ ನನ್ನ ಮೊಣಕೈಗೆ ಬಾಯಿ ಹಾಕಿದ್ದನ್ನು ಕಣ್ಣಾರೆ ನೋಡಿ ಸಮಾಧಾನವಾಗಿ ಮನೆಗೆ ಹೋದಳು.

ಇಲ್ಲಿಯವರೆಗಿನದನ್ನು ನಾನು ಎಷ್ಟೋ ಮದುವೆಮನೆಗಳಲ್ಲಿ ಹೇಳಿದ್ದೇನೆ. ಮುಂದಿನದು ಹೇಳಿಲ್ಲ.

ನನಗೆ ನೋವಾಗುತ್ತಿತ್ತು, ಅಷ್ಟೇ. ಮಂಗಳವಾರ ಬಂದರೆ ತೋಳು ತಾನಾಗಿಯೇ ಹಿಂದಕ್ಕೆ ಹೋಗುತ್ತಿತ್ತು. ಬಸ್ ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಯಲ್ಲಿ ನಿಂಬೆಹುಳಿ ಪೆಪ್ಪರ್ಮೆಂಟು ಸಿಗುತ್ತಿತ್ತು. ಒಂದು ಬುಧವಾರ ಜೇಬಿನ ತುಂಬ ತಂದು, ಡಾಕ್ಟರಮ್ಮ ಬರುವ ಮುಂಚೆ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಹೇಳಿದೆ: "ನೋಡ್ರಪ್ಪಾ, ಮೆಲ್ಲಗೆ ಜಿಗುಟೋರಿಗೆ ಆಮೇಲೆ ಒಂದು ಹಿಡಿ ಪೆಪ್ಪರ್ಮೆಂಟು. ಜೋರಾಗಿ ಜಿಗುಟೋರಿಗೆ ಇಲ್ಲ."

ಮಕ್ಕಳಿಗೆ ಎರಡು ಸಲ ಹೇಳಬೇಕಾಗಲಿಲ್ಲ. ಆ ದಿನ ನನ್ನ ಮೈಮೇಲೆ ಚಿಟ್ಟೆ ಕೂತು ಎದ್ದ ಹಾಗಿತ್ತು. ಅಗರದ ಹುಡುಗ ಉಗುರು ಕತ್ತರಿಸಿಕೊಂಡ. ಪುಟಾಣಿ ಕಚ್ಚುವ ಬದಲು ಮುತ್ತು ಕೊಟ್ಟಿತು. ನಾನು ನಗುಮುಖ ಮಾಡಿಕೊಂಡು ನಿಂತಿದ್ದೆ, ಡಾಕ್ಟರಮ್ಮ ನನ್ನ ನಗುವನ್ನು ಬರೆದುಕೊಂಡರು. ಒಂದೆರಡು ವಾರ ಹೀಗೆ ನಡೆಯಿತು. "ಎಲ್ಲರಿಗೂ ಒಟ್ಟಿಗೇ ಗುಣ ಕಾಣಿಸುತ್ತಿದೆಯಲ್ಲ!" ಎಂದು ಅವರು ಖುಷಿಯಾಗಿ ಇಡೀ ವಾರ್ಡಿಗೆ ಕಾಫಿ ತರಿಸಿದರು. ಆ ಕಾಫಿ ನಾನೂ ಕುಡಿದೆ.

ಎಚ್ಚರಿಕೆ ಕೊಟ್ಟದ್ದು ಇರುವೆಗಳು. ಆಗ ಜ್ವರಕ್ಕೆಂದು ವಾರ್ಡಿನಲ್ಲೇ ಇದ್ದ ರತ್ನನ ಮಂಚದ ಕಾಲಿನಿಂದ ಗೋಡೆಯ ತನಕ ಕಟ್ಟಿರುವೆಯ ಸಾಲು. ನರ್ಸಮ್ಮ ದಿಂಬು ಎತ್ತಿದರೆ ಅಡಿಯಲ್ಲಿ ಪೆಪ್ಪರ್ಮೆಂಟಿನ ರಾಶಿ. ಒಂದನ್ನೂ ತಿಂದಿರಲಿಲ್ಲ.

"ಯಾಕೆ ಮಗು ತಿನ್ನಲಿಲ್ಲ?"

ರತ್ನ ಬಾಯಿ ತೆರೆದು ತೋರಿಸಿದಳು. ಔಷಧಿಗೆ ಬಾಯೊಳಗೆಲ್ಲ ಹುಣ್ಣು. ನೀರು ಕುಡಿಯಲೂ ಆಗದಷ್ಟು. ವಾಸಿಯಾದ ಮೇಲೆ ತಿನ್ನೋಣ ಎಂದು ಕೂಡಿಟ್ಟಿದ್ದಳಂತೆ. ಡಾಕ್ಟರಮ್ಮ ಮಾತ್ರೆ ನಿಲ್ಲಿಸಿ, ಬಾಯಿಗೆ ನೇರಳೆ ಬಣ್ಣದ ಔಷಧಿ ಹಚ್ಚಿಸಿದರು. ಹಚ್ಚಿದವನು ನಾನೇ. ಉಳಿದ ಮಕ್ಕಳೆಲ್ಲ ಅವಳ ನೇರಳೆ ನಾಲಿಗೆ ನೋಡಿ ತಮಗೂ ಬೇಕೆಂದು ಅತ್ತರು. "ಚಿವುಟುವಾಗ ಯಾಕೆ ತೋರಿಸಲಿಲ್ಲ ಇವಳು? ಇಷ್ಟೊಂದು ಪೆಪ್ಪರ್ಮೆಂಟು ಕೊಟ್ಟವರು ಯಾರು?" ಎಂದು ಡಾಕ್ಟರಮ್ಮ ಕೇಳಿದರು. ರತ್ನ ನನ್ನ ಮುಖ ನೋಡಿದಳು. ನಾನು ತಾತನ ಮುಖ ನೋಡಿದೆ.

"ಅಜ್ಜ, ನೀವು ಕೊಟ್ಟಿರಾ?"

"ಊಂ ತಾಯಿ" ಎಂದರು ತಾತ.

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಬಾಯಿಹುಣ್ಣು ಇರುವವರಿಗೆ ಪೆಪ್ಪರ್ಮೆಂಟಿನ ಬದಲು ಬಲೂನು ಕೊಡಬೇಕು ಎಂದಷ್ಟೇ ನನಗೆ ಹೊಳೆದದ್ದು.

ಮಾದೇಶನದು ಆ ಹೊತ್ತಿಗೆ ಎಲ್ಲರಿಗಿಂತ ಹಗುರವಾದ ಚಿವುಟು. ಕಾಲು ಮುಟ್ಟಿದರೂ ಅಷ್ಟೇ, ಕಿವಿ ಮುಟ್ಟಿದರೂ ಅಷ್ಟೇ. ಇಷ್ಟು ಚೆನ್ನಾಗಿದ್ದಾನಲ್ಲ, ಊರಿಗೆ ಕಳಿಸೋಣ, ಒಂದು ತಿಂಗಳು ಬಿಟ್ಟು ಬರಲಿ ಎಂದು ಡಾಕ್ಟರಮ್ಮ ತೀರ್ಮಾನ ಮಾಡಿದರು. ಅಜ್ಜಿ ಸೀರೆ ಗಂಟು ಕಟ್ಟಿದಳು. ಹೊರಡುವ ದಿನ ಬೆಳಿಗ್ಗೆ ನಾನು ಹಿತ್ತಲ ಕಡೆಯ ನಲ್ಲಿಗೆ ಹೋದಾಗ ಹುಡುಗ ಚರಂಡಿಯ ಮುಂದೆ ಬಗ್ಗಿ ವಾಂತಿ ಮಾಡುತ್ತಿದ್ದ. ಆಮೇಲೆ ಹಣೆಯನ್ನು ತಣ್ಣಗಿನ ಕಲ್ಲು ಕಂಬಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತ. ನನ್ನನ್ನು ನೋಡಿದ ಕೂಡಲೇ ನೆಟ್ಟಗಾಗಿ, ಕೇಳದೆಯೇ ಬಂದು ನನ್ನ ಕಿವಿಯನ್ನು ಹೂವಿನ ಹಾಗೆ ಮುಟ್ಟಿ, ಅಂಗೈ ಚಾಚಿದ.

ನಾನು ಪೆಪ್ಪರ್ಮೆಂಟು ಕೊಟ್ಟೆ. ಇದನ್ನು ಬರೆಯುವುದು ಕಷ್ಟ, ಆದರೆ ಕೊಟ್ಟೆ.

ಬೆಳಗಿನ ತಲೆನೋವು, ವಾಂತಿ ಕಂಡರೆ ಓಡಿ ಬಂದು ಹೇಳಿ, ರೋಗ ತಲೆಗೆ ಏರಿರಬಹುದು ಎಂದು ಡಾಕ್ಟರಮ್ಮ ನಮಗೆಲ್ಲ ಹೇಳಿಕೊಟ್ಟಿದ್ದರು. ಗಾಯ ತೊಳೆಯುತ್ತಾ ಅದೇ ನೆನಪು. ಹೇಳಿದರೆ ಪೆಪ್ಪರ್ಮೆಂಟಿನ ಕಥೆ ಹೊರಗೆ ಬರುತ್ತದೆ. ಹೇಳದಿದ್ದರೆ ಹುಡುಗ ಕಾಡಂಚಿಗೆ ಹೋಗುತ್ತಾನೆ. ಅಲ್ಲಿ ಡಾಕ್ಟರೂ ಇಲ್ಲ, ಚಿವುಟುವುದಕ್ಕೆ ನಾನೂ ಇಲ್ಲ. ಅರ್ಧ ಕಟ್ಟಿದ ಪಟ್ಟಿಯನ್ನು ರೋಗಿಯ ಕೈಗೇ ಕೊಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ.

ಹನೂರಿನ ಬಸ್ಸು ಹೊರಟಿತ್ತು. ಹಿಂದಿನ ಏಣಿ ಹಿಡಿದು ನೇತಾಡಿ, ಹೇಗೋ ಒಳಗೆ ಬಂದೆ. ಅಜ್ಜಿ, ಮೊಮ್ಮಗ ಮಧ್ಯದ ಸೀಟಿನಲ್ಲಿದ್ದರು.

"ಮಾದೇಶ, ತಲೆ ನೋಯ್ತದೇನ್ಲಾ? ನಿಜವಾಗಿ ಜಿಗುಟು."

ಹೂವಿನ ಹಾಗೆ ಮುಟ್ಟಿದ.

"ಅಂಗಲ್ಲ. ಎಷ್ಟದೋ ಅಷ್ಟು."

"ಜೋರಾಗಿ ಜಿಗುಟಿದ್ರೆ ಊರ್ಗೆ ಕಳ್ಸಲ್ಲ ನೀವು. ಪೆಪ್ಪರ್ಮೆಂಟೂ ಕೊಡಲ್ಲ."

ಕಂಡಕ್ಟರು ಬಂದ. "ಏನ್ ಸಾ, ಟಿಕೇಟಾ, ಇಳಿಯೋದಾ?"

"ಸ್ವಲ್ಪ ಇರಪ್ಪಾ, ಈ ಹುಡುಗ ನನ್ನನ್ನು ಜಿಗುಟಬೇಕು."

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. "ಜಿಗುಟ್ಬುಡ್ಲಾ ಮಗ, ದೊಡ್ಡೋರು ಅಷ್ಟು ಕೇಳ್ಕೋತಾವ್ರೆ" ಎಂದ ಒಬ್ಬ. "ನೀನ್ ಜಿಗುಟ್ದೆ ಇದ್ರೆ ನಾನ್ ಜಿಗುಟ್ತೀನಿ, ಬ್ಯಾಗ ಮುಗೀಲಿ" ಎಂದ ಶಾಗ್ಯಕ್ಕೆ ಹೊರಟಿದ್ದ ಇನ್ನೊಬ್ಬ. ಎಲ್ಲರೂ ನಕ್ಕರು. ನಾನು ಜೇಬಿನಲ್ಲಿದ್ದ ಪೆಪ್ಪರ್ಮೆಂಟನ್ನೆಲ್ಲ ಅವನ ಮಡಿಲಿಗೆ ಸುರಿದು, "ಇದೆಲ್ಲ ನಿಂದೇ. ಜಿಗುಟಿದ್ರೂ ನಿಂದೇ, ಜಿಗುಟದಿದ್ರೂ ನಿಂದೇ. ನಾನು ನಿಂಗೆ ಕಲಿಸಿದ್ದು ತಪ್ಪು ಕಣೋ" ಎಂದೆ.

ಅವನು ಮಡಿಲು ನೋಡಿದ. ಎರಡೂ ಕೈ ಎತ್ತಿ ನನ್ನ ಎರಡೂ ಕಿವಿ ಹಿಡಿದ. ಹಿಡಿದು ತಿರುಚಿದವನು ಬಿಡಲಿಲ್ಲ. ಬಸ್ಸು ಹಳ್ಳಕ್ಕೆ ಬಿದ್ದು ಎದ್ದರೂ ಬಿಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಅವನ ಕಣ್ಣಲ್ಲೂ ಬಂತು.

"ಇಷ್ಟಿತ್ತೇನ್ಲಾ ಮಗ?" ಎಂದಳು ಅಜ್ಜಿ. "ಇಷ್ಟನ್ನೂ ಮಡಿಕ್ಕಂಡು ಕುಂತಿದ್ಯೇನ್ಲಾ?"

ಮಧುವನಹಳ್ಳಿಯಲ್ಲಿ ಇಳಿದು, ಪೇಟೆಗೆ ಬರುತ್ತಿದ್ದ ರೇಷ್ಮೆಗೂಡಿನ ಗಾಡಿಯಲ್ಲಿ ಕೂತು ವಾಪಸು ಬಂದೆವು. ಡಾಕ್ಟರಮ್ಮನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಪೆಪ್ಪರ್ಮೆಂಟು, ಇರುವೆ, ತಾತನ ಮೇಲೆ ಹಾಕಿದ್ದು, ಕಂಬಕ್ಕೆ ಹಣೆ ಒತ್ತಿದ್ದನ್ನು ಕಂಡೂ ಸುಮ್ಮನಿದ್ದದ್ದು. ಅವರು ತುಳುವಿನಲ್ಲಿ ಬೈದರು. ನನಗೆ ಒಂದು ಮಾತೂ ಅರ್ಥವಾಗಲಿಲ್ಲ, ಆದರೆ ಒಂದೂ ಗುರಿ ತಪ್ಪಲಿಲ್ಲ. ಉಸಿರು ಮುಗಿದ ಮೇಲೆ ಕನ್ನಡಕ್ಕೆ ಬಂದು, "ಕೆಲಸ ಬಿಟ್ಟು ಹೋಗುವ ಯೋಚನೆ ಇದ್ದರೆ ಆ ಯೋಚನೆ ಬಿಡಿ. ಬುಧವಾರ ತೋಳು ಮಡಚಿಕೊಂಡು ಬನ್ನಿ" ಎಂದರು. ಅವತ್ತೇ ಹುಡುಗನನ್ನು ಬೆಂಗಳೂರಿಗೆ ಕಳಿಸಿ, ಔಷಧಿ ತಲೆಗೆ ತಲುಪುವಂತೆ ಬೆನ್ನಿಗೆ ಸೂಜಿ ಹಾಕಿಸಿದರು. ತಲೆನೋವು ಇಳಿಯಿತು. ಮುಂದೆ ಪೆಪ್ಪರ್ಮೆಂಟು ಎಲ್ಲ ಮಕ್ಕಳಿಗೂ ಸಿಕ್ಕಿತು, ಚಿವುಟುವುದಕ್ಕೆ ಮುಂಚೆಯೇ. ಅಗರದ ಹುಡುಗ ಮತ್ತೆ ಉಗುರು ಬೆಳೆಸಿದ.

ಮಾದೇಶ ಪೂರ್ತಿ ಗುಣವಾದ ಎಂದು ಬರೆಯಲು ಆಸೆ. ಆ ಕಾಲದಲ್ಲಿ ಆ ರೋಗದಿಂದ ಉಳಿದವರು ತೀರಾ ಅಪರೂಪ. ಮುಂದಿನ ವರ್ಷ ಮತ್ತೆ ಏರಿತು, ಇನ್ನು ಸೂಜಿ ಬೇಡ, ಊರಿನಲ್ಲೇ ಇರಲಿ ಎಂದು ಬೆಂಗಳೂರಿನವರೇ ಹೇಳಿದರು. ಡಾಕ್ಟರಮ್ಮ ನೋವಿನ ಔಷಧಿ ಕೊಟ್ಟು ಕಳಿಸಿದರು.

ಕೆಲವು ದಿನಗಳ ಮೇಲೆ ಸಿದ್ದಮ್ಮ ಒಬ್ಬಳೇ ಬಂದಳು. ಹೂಗ್ಯಂನಿಂದ ಹನೂರಿಗೆ ಲಾರಿಯಲ್ಲಿ, ಹನೂರಿನಿಂದ ಬಸ್ಸಿನಲ್ಲಿ. ಬಲಗೈಯ ಹೆಬ್ಬೆರಳು, ತೋರುಬೆರಳು ಜೋಡಿಸಿಕೊಂಡು, ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಬಸ್ಸಿನ ಕಂಬಿಯನ್ನೂ ಆ ಕೈಯಲ್ಲಿ ಹಿಡಿದಿರಲಿಲ್ಲವಂತೆ. ಡಾಕ್ಟರಮ್ಮ ಕೂರಿ ಎಂದರೂ ಕೂರಲಿಲ್ಲ.

"ಮಗ ಬರಾಕಾಗಲ್ಲ ಕಣವ್ವ. ಬೆಳಿಗ್ಗೆ ನನ್ನ ಜಿಗುಟ್ಬುಟ್ಟು, ಓಗಿ ಆ ಸಾ ಅವ್ರ್ಗೆ ಇಷ್ಟೇ ಜಿಗುಟು, ಡಾಕ್ಟ್ರಮ್ಮ ಅವ್ರ ಮಕ ನೋಡ್ಕೊಂಡು ಔಷ್ದಿ ಕೊಡ್ತಾರೆ ಅಂದ."

ನಾನು ತೋಳು ಮಡಚಿ ಮುಂದೆ ಹಿಡಿದೆ. ಅಜ್ಜಿ ಸೆರಗು ಬಿಚ್ಚಿ, ಕಣ್ಣು ಮುಚ್ಚಿ, ನೆನಪು ಮಾಡಿಕೊಂಡು ಚಿವುಟಿದಳು. ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಮುಖವನ್ನು ಹಾಗೇ ಬಿಟ್ಟೆ. ಅವರು ಏನೂ ಕೇಳದೆ ಔಷಧಿಯ ಅಳತೆಯನ್ನು ಹೆಚ್ಚಿಸಿ ಬರೆದು, ದೊಡ್ಡ ಸೀಸೆ ತರಿಸಿ ಕೊಟ್ಟರು.

ಬಸ್ಸು ಹತ್ತಿಸಲು ನಾನು ಜೊತೆಗೆ ಹೋದೆ. ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಕೂತ ಮೇಲೆ ಅಜ್ಜಿ ಕಿಟಕಿಯಿಂದ ಕೇಳಿದಳು.

"ಬಾಳ ನೋವಾಯ್ತೇನಪ್ಪಾ?"

"ಊಂ ಕಣಜ್ಜಿ, ಬಹಳ ನೋವಾಯ್ತು."

"ಸದ್ಯ" ಎಂದಳು. "ಅಷ್ಟು ದೂರದಿಂದ ತಂದದ್ದು, ದಾರೀಲಿ ಎಲ್ಲಾದ್ರೂ ಕಮ್ಮಿ ಆಗೋಯ್ತೋ ಏನೋ ಅಂತಿದ್ದೆ."